ಮೊಮ್ಮಗಳ ಪರೀಕ್ಷೆಯಲ್ಲಿ ನನ್ನ ಬುಟ್ಟಿ

ನನ್ನ ಮೊಮ್ಮಗಳು ಎಂಸಿಎಗೆ ಸೇರಿ, ಮೊದಲ ಪರೀಕ್ಷೆಯಲ್ಲೇ ಒಂದು ಪೇಪರಿನಲ್ಲಿ ಫೇಲಾದಳು. ಮನೆಯಲ್ಲಿ ಇದನ್ನು ಒಬ್ಬೊಬ್ಬರು ಒಂದೊಂದು ಥರ ಹೇಳಿಕೊಂಡು ಓಡಾಡಿದರು. ಸ್ವಲ್ಪದರಲ್ಲಿ ತಪ್ಪಿತು, ಪೇಪರ್ ಕಷ್ಟ ಕೊಟ್ಟಿದ್ದರು, ಅವತ್ತು ಜ್ವರ ಇತ್ತು, ಹೀಗೆ. ನಾನು ಮಾತ್ರ ಕೇಳಿದವರಿಗೆಲ್ಲ ಫೇಲ್ ಎಂದೇ ಹೇಳಿದೆ. ಜ್ವರ ಇರಲಿಲ್ಲ. ಅದಕ್ಕೆ ಅವಳು ಒಂದೆರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಬಿಡಲಿ ಎಂದು ನಾನೂ ಸುಮ್ಮನಿದ್ದೆ.

ಎಂಸಿಎಗೆ ಮೊದಲು ಅವಳು ಓದಿದ್ದು ಬಿಕಾಂ. ಕಂಪ್ಯೂಟರ್ ಓದದೆ ಬೇರೆ ಡಿಗ್ರಿ ಮಾಡಿ ಬಂದವರಿಗೆಂದು ಆ ಕಾಲೇಜಿನಲ್ಲಿ ಒಂದು ಹೆಚ್ಚುವರಿ ಪೇಪರ್ ಇಟ್ಟಿದ್ದಾರೆ. ಕಂಪ್ಯೂಟರಿನ ಒಳಗೆ ಏನೇನಿದೆ, ಅದು ಹೇಗೆ ಕೆಲಸ ಮಾಡುತ್ತದೆ, ಅದನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ ಅಂದರೇನು ಎಂದು ಬುಡದಿಂದ ಹೇಳಿಕೊಡುವ ಪೇಪರ್. ಮಿಕ್ಕಿದ್ದರಲ್ಲೆಲ್ಲ ಪಾಸಾಗಿ ಇದೊಂದರಲ್ಲಿ ಹೋದರೂ ಎರಡನೇ ವರ್ಷಕ್ಕೆ ಕೂರಿಸುವುದಿಲ್ಲ. ಇನ್ನೊಂದು ಸಲ ಬರೆಯಲು ಅವಕಾಶ ಇತ್ತು. ಅದರಲ್ಲೂ ಹೋದರೆ ಓದು ಅಲ್ಲಿಗೆ ಮುಗಿದಂತೆ.

ಮುಗಿದಂತೆ ಎಂದು ತೀರ್ಮಾನ ಮಾಡಿದ್ದು ನನ್ನ ಮಗ, ಅವಳ ಅಪ್ಪ. ಅವನು ಜೀಪ್ ಓಡಿಸುತ್ತಾನೆ. ಆನೆ ನೋಡಲು ಬರುವವರನ್ನು ದುಬಾರೆಗೆ ಕರೆದುಕೊಂಡು ಹೋಗಿ ಬರುವುದು ಅವನ ಕೆಲಸ. ಒಂದು ಸಂಜೆ ಊಟಕ್ಕೆ ಕೂತಾಗ ಹೇಳಿದ:

“ಇನ್ನೊಂದ್ಸಲ ಬರೆದು ನೋಡು ಮಗ. ಆಗ್ಲಿಲ್ಲ ಅಂದ್ರೆ ಬಿಟ್ಬಿಡು. ದುಬಾರೆ ಹತ್ರ ರೆಸಾರ್ಟ್‌ನೋರು ಕೌಂಟ್ರಲ್ಲಿ ಕೂರಾಕೆ ಒಂದ್ ಹುಡುಗಿ ಬೇಕು ಅಂತ ಕೇಳ್ತಾವ್ರೆ. ಬಿಕಾಂ ಸಾಕಂತೆ.”

ಅವನು ಕೆಟ್ಟದ್ದು ಹೇಳಲಿಲ್ಲ. ಹುಡುಗಿ ಎದ್ದು ಹೋಗಿ ತಟ್ಟೆ ತೊಳೆದಳು. ನಾನು ಕೈ ತೊಳೆಯಲು ಹೋದಾಗ ನೋಡಿದರೆ ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುತ್ತಾ ನಿಂತಿದ್ದಳು. ಇವಳಿಗೆ ಈ ಓದು ಬೇಕು ಎಂದು ನನಗೆ ಆಗ ಗೊತ್ತಾಯಿತು. ಅಲ್ಲಿಯವರೆಗೆ, ಎಲ್ಲರೂ ಓದುತ್ತಾರೆಂದು ಇವಳೂ ಓದುತ್ತಿದ್ದಾಳೆ ಅಂದುಕೊಂಡಿದ್ದೆ.

ಆ ಪೇಪರ್ ಪಾಠ ಮಾಡುವ ಮೇಡಂ ಕರಾವಳಿ ಕಡೆಯವರು. ನಾನು ಇವತ್ತಿನವರೆಗೆ ಅವರ ಮುಖ ನೋಡಿಲ್ಲ. ಫೇಲಾದವಳನ್ನು ಕರೆದು ಅವರು ಏನು ಹೇಳಿದರು ಎಂದು ಮೊಮ್ಮಗಳು ಅವರ ಧಾಟಿಯಲ್ಲೇ ಹೇಳಿ ತೋರಿಸಿದ್ದಳು:

“ಬಾಯಿಪಾಠ ಮಾಡಬೇಡ ಮಾರಾಯ್ತಿ. ಮನೆಯಲ್ಲಿ ಏನೂ ಗೊತ್ತಿಲ್ಲದವರು ಒಬ್ಬರಾದ್ರೂ ಇರ್ತಾರಲ್ಲ, ಅವರನ್ನು ಕೂರಿಸಿ ಹೇಳು. ಅವರು ಕೇಳಿದ್ದಕ್ಕೆ ನಿಂಗೆ ಎಲ್ಲಿ ಉತ್ತರ ಕೊಡ್ಲಿಕ್ಕೆ ಆಗುದಿಲ್ವೋ, ಅಲ್ಲಿ ನಿಂಗೇ ಅರ್ಥ ಆಗ್ಲಿಲ್ಲ ಅಂತ ಲೆಕ್ಕ.”

ಹುಡುಗಿ ಮನೆಯಲ್ಲಿ ಕಣ್ಣಾಡಿಸಿದಳು. ಅಪ್ಪ ರಸ್ತೆಯ ಮೇಲೆ. ಅಮ್ಮ, ಅಂದರೆ ನನ್ನ ಸೊಸೆ, ಊರವರ ರವಿಕೆ ಹೊಲಿಯುತ್ತಾ ಮಿಷನ್ನಿನ ಮುಂದೆ. ಉಳಿದದ್ದು ನಾನು.

“ಅಜ್ಜಿ, ನಿಂಗೆ ಏನೂ ಗೊತ್ತಿಲ್ಲ ಅಲ್ವಾ?”

“ಯಾವ್ದರ ವಿಷ್ಯ?”

“ಎಲ್ಲಾದ್ರ ವಿಷ್ಯ.”

“ಹೂಂ, ಗೊತ್ತಿಲ್ಲ.”

“ಹಂಗಾದ್ರೆ ಬಾ, ಇಲ್ಲಿ ಕೂತ್ಕೊ.”

ನಾನು ಓದಿದ್ದು ಮೂರನೇ ಕ್ಲಾಸು. ನಮ್ಮಪ್ಪ ಹಾಸನದ ಕಡೆಯಿಂದ ಕುಶಾಲನಗರದ ಹತ್ತಿರ ಬಂದು ಹೊಲ ಮಾಡಿದವನು. ಮದುವೆಯಾಗಿ ನಾನು ಸುಂಟಿಕೊಪ್ಪದ ಹತ್ತಿರದ ಒಂದು ಎಸ್ಟೇಟಿನಲ್ಲಿ ಕೂಲಿಯವರಿಗೆ ಸಾಲಾಗಿ ಕಟ್ಟಿದ ಲೈನ್ ಮನೆಗೆ ಬಂದೆ. ಮಂಡಿ ಹೋಗುವವರೆಗೂ ಕಾಫಿ ಹಣ್ಣು ಬಿಡಿಸಿದೆ. ಈಗ ಸುಂಟಿಕೊಪ್ಪದಲ್ಲೇ ನಮ್ಮದೊಂದು ಸಣ್ಣ ಮನೆ ಇದೆ, ಸುತ್ತ ಒಂದಿಷ್ಟು ರೋಬಸ್ಟಾ ಕಾಫಿ ಗಿಡ, ಸಿಲ್ವರ್ ಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿ. ನ್ಯೂಸ್ ಪೇಪರ್ ಓದುತ್ತೇನೆ, ನಿಧಾನವಾಗಿ. ಕಂಪ್ಯೂಟರನ್ನು ಬ್ಯಾಂಕಿನಲ್ಲಿ ನೋಡಿದ್ದೆ, ಅದರ ಬೆನ್ನಿನ ಕಡೆಯಿಂದ.

ಕಾಲೇಜಿನ ಬಸ್ಸು ಇಳಿದು ಬಂದು, ಕಾಫಿ ಕುಡಿದು, ಅವಳು ಜಗಲಿಯ ಮೇಲೆ ಪುಸ್ತಕ ಬಿಚ್ಚುತ್ತಿದ್ದಳು. ನಾನು ಎದುರಿಗೆ ಕೂತು ಸೊಪ್ಪು ಬಿಡಿಸುವುದೋ ಅಕ್ಕಿ ಆರಿಸುವುದೋ ಮಾಡುತ್ತಿದ್ದೆ. ಸುಮ್ಮನೆ ಕೂತು ಪಾಠ ಕೇಳುವುದು ನನ್ನಿಂದಾಗುವುದಿಲ್ಲ.

“ಇದು ಸಿಪಿಯು. ಕಂಪ್ಯೂಟರಿನ ಮೆದುಳು,” ಎಂದು ಶುರು ಮಾಡಿದಳು.

“ಮೆದುಳು ಅಂದ್ರೆ ಯೋಚ್ನೆ ಮಾಡ್ತದಾ?”

“ಇಲ್ಲ. ಯೋಚ್ನೆ ಮಾಡಲ್ಲ.”

“ಮತ್ತೆ ಮೆದುಳು ಯಾಕಂತೀಯ?”

“ಎಲ್ಲರೂ ಹಂಗೇ ಅಂತಾರೆ.”

“ಅನ್ಲಿ. ಅದು ಏನ್ ಮಾಡ್ತದೆ ಹೇಳು.”

“ಒಂದು ಆರ್ಡರ್ ತಗೊಳ್ತದೆ. ಅದೇನು ಅಂತ ನೋಡ್ತದೆ. ಮಾಡ್ತದೆ. ಆಮೇಲೆ ಮುಂದಿನ ಆರ್ಡರ್. ಅಷ್ಟೇ. ಆದ್ರೆ ಭಾರಿ ಸ್ಪೀಡಾಗಿ.”

“ಅದು ಮೆದುಳಲ್ಲ. ಪಿಕ್ಕಿಂಗ್ ಹೆಂಗ್ಸು.”

ನಾನು ತಮಾಷೆಗೆ ಹೇಳಿದ್ದಲ್ಲ. ಕಾಫಿ ಹಣ್ಣು ಬಿಡಿಸುವ ಪಿಕ್ಕಿಂಗಿನಲ್ಲಿ ನಾವೂ ಹಾಗೇ ಇದ್ದೆವು. ಈ ಗಿಡ ಬಿಡಿಸು, ಆ ಗಿಡಕ್ಕೆ ಹೋಗು. ಯೋಚನೆ ಮಾಡಲು ಯಾರೂ ಕೂಲಿ ಕೊಡುವುದಿಲ್ಲ. ಹುಡುಗಿ ಪುಸ್ತಕ ಮುಚ್ಚಿ ನನ್ನನ್ನೇ ನೋಡಿದಳು. “ಪಿಕ್ಕಿಂಗ್ ಹೆಂಗ್ ಮಾಡ್ತಿದ್ರಿ, ಪೂರ್ತಿ ಹೇಳಜ್ಜಿ,” ಎಂದಳು. ಹುಟ್ಟಿದಾಗಿನಿಂದ ನನ್ನ ಜೊತೆ ಇದ್ದವಳು ಅದನ್ನು ಕೇಳಿದ್ದು ಅದೇ ಮೊದಲು.

ಹೇಳಿದೆ. ಈಗ ಸೊಂಟಕ್ಕೆ ಚೀಲ ಕಟ್ಟುತ್ತಾರೆ, ನಮ್ಮ ಕಾಲಕ್ಕೆ ಬಿದಿರಿನ ಬುಟ್ಟಿ. ಬಿಡಿಸಿದ ಹಣ್ಣು ಮೊದಲು ಬೀಳುವುದು ಅದಕ್ಕೆ. ಬುಟ್ಟಿ ತುಂಬಿದರೆ ಸಾಲಿನ ಕೊನೆಯಲ್ಲಿಟ್ಟ ಗೋಣಿಚೀಲಕ್ಕೆ ಸುರಿಯುವುದು. ಚೀಲಗಳೆಲ್ಲ ಸಂಜೆ ಕಣಕ್ಕೆ, ಅಂದರೆ ಕಾಫಿ ಒಣಗಿಸುವ ಅಂಗಳಕ್ಕೆ. ಒಣಗಿದ ಮೇಲೆ ಗೋಡೌನಿಗೆ. ಬುಟ್ಟಿ ಹತ್ತಿರ, ಆದರೆ ಹಿಡಿಯುವುದು ಸ್ವಲ್ಪ. ಗೋಡೌನ್ ದೂರ, ಆದರೆ ಎಷ್ಟು ಬೇಕಾದರೂ ಹಿಡಿಯುತ್ತದೆ.

ಅವಳು ಪೆನ್ಸಿಲ್ಲಿನಿಂದ ಪುಸ್ತಕದ ಚಿತ್ರದ ಪಕ್ಕ ಏನೇನೋ ಗೀಚಿಕೊಂಡಳು. ಸಿಪಿಯು ಒಳಗೇ ರಿಜಿಸ್ಟರ್ ಎಂಬ ಪುಟ್ಟ ಪುಟ್ಟ ಜಾಗಗಳಿವೆಯಂತೆ, ಅವು ಬುಟ್ಟಿ. ಪಕ್ಕದಲ್ಲಿ ಕ್ಯಾಶ್ ಅಂತ ಒಂದು, ಅದು ಸಾಲಿನ ಕೊನೆಯ ಚೀಲ. ಮೆಮೊರಿ ಅಂದರೆ ಕಣ. ಡಿಸ್ಕ್ ಅಂದರೆ ಗೋಡೌನ್. ಈ ಹೋಲಿಕೆ ಕಟ್ಟಿದ್ದು ಅವಳು. ನಾನು ನನ್ನ ಕೆಲಸ ಹೇಳಿದ್ದಷ್ಟೇ.

ಆಪರೇಟಿಂಗ್ ಸಿಸ್ಟಮ್ ಯಾರು ಎಂಬುದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಅದು ರೈಟರ್, ನಮ್ಮ ಎಸ್ಟೇಟಿನ ಉಸ್ತುವಾರಿಯವನು. ಎಸ್ಟೇಟಿನಲ್ಲಿ ಸಾಹುಕಾರರು ಗಿಡದ ಹತ್ತಿರ ಬರುವವರಲ್ಲ. ಅವರು ರೈಟರಿಗೆ ಹೇಳುತ್ತಾರೆ. ಯಾವ ಹೆಂಗಸಿಗೆ ಯಾವ ಸಾಲು, ಯಾರು ಕಾಯಬೇಕು, ಯಾರಿಗೆ ಮೊದಲು ಚೀಲ, ಎಲ್ಲ ಅವನ ಕೈಯಲ್ಲಿ. ಗೋಡೌನಿನ ಬೀಗದಕೈ ಅವನ ಸೊಂಟದಲ್ಲಿ.

“ಪ್ರೋಗ್ರಾಂಗಳು ತಾವೇ ಹೋಗಿ ಡಿಸ್ಕಿಗೆ ಕೈ ಹಾಕೋ ಹಂಗಿಲ್ಲ ಅಜ್ಜಿ. ಆಪರೇಟಿಂಗ್ ಸಿಸ್ಟಮ್‌ನ ಕೇಳ್ಬೇಕು, ಅದೇ ತೆಗ್ದು ಕೊಡ್ತದೆ.”

“ಕೇಳ್ದೆ ಕೈ ಹಾಕಿದ್ರೆ?”

“ಪ್ರೋಗ್ರಾಂನೇ ಆಚೆಗೆ ಹಾಕ್ತದೆ.”

“ನಮ್ ರೈಟರೂ ಹಂಗೇ.”

ಇಲ್ಲಿ ಒಂದು ಮಾತು ಹೇಳಬೇಕು. ಆ ರೈಟರ್ ನಮ್ಮನ್ನು ಒಂದು ಸಾಲಿನ ಅರ್ಧದಲ್ಲಿ ಎಬ್ಬಿಸಿ ಬೇರೆ ಕೆಲಸಕ್ಕೆ ಓಡಿಸುತ್ತಿದ್ದ. ಯಾಕೆ ಎಂದು ಕೇಳಿದರೆ, “ಹೇಳಿದ್ ಮಾಡು, ನಿಂಗ್ಯಾಕೆ?” ನಮಗೆ ತೊಂದರೆ ಕೊಡಲೆಂದೇ ಮಾಡುತ್ತಾನೆಂದು ಲೈನಿನ ಹೆಂಗಸರೆಲ್ಲ ಅವನಿಗೆ ಶಾಪ ಹಾಕಿದ್ದೆವು. ಮೊಮ್ಮಗಳು ಒಂದು ಸಂಜೆ ಹೇಳಿದಳು: ಒಂದು ಪ್ರೋಗ್ರಾಂ ಡಿಸ್ಕಿನಿಂದ ಏನೋ ಬರಲೆಂದು ಕಾಯುತ್ತಿದ್ದರೆ, ಸಿಪಿಯು ಸುಮ್ಮನೆ ಕೂರಬಾರದೆಂದು ಆಪರೇಟಿಂಗ್ ಸಿಸ್ಟಮ್ ಅದನ್ನು ಇನ್ನೊಂದು ಪ್ರೋಗ್ರಾಮಿನ ಕೆಲಸಕ್ಕೆ ಹಚ್ಚುತ್ತದೆ. ಆಗ ನನಗೆ ನೆನಪಾಯಿತು. ಚೀಲ ತರುವ ಟ್ರ್ಯಾಕ್ಟರ್ ತಡವಾದ ದಿನಗಳಲ್ಲೇ ನಮ್ಮನ್ನು ಎಬ್ಬಿಸುತ್ತಿದ್ದುದು. ಸುರಿಯಲು ಚೀಲವಿಲ್ಲದೆ ನಾವು ಕೂತುಬಿಡುತ್ತಿದ್ದೆವು, ಅದಕ್ಕೆ. ಅಷ್ಟು ವರ್ಷ ಮಾಡಿದ ಕೆಲಸದ ‘ಯಾಕೆ’ ನನಗೆ ಸಿಕ್ಕಿದ್ದು ಮೊಮ್ಮಗಳ ಬಾಯಿಂದ. ಸತ್ತು ಹೋದ ಆ ಮನುಷ್ಯನ ಮೇಲಿನ ಸಿಟ್ಟು ಸ್ವಲ್ಪ ಇಳಿಯಿತು. ಪೂರ್ತಿ ಅಲ್ಲ. ಅವನ ಬಾಯಿ ಕೆಟ್ಟದ್ದೇ.

ನನಗೆ ಇಷ್ಟು ತಾಳ್ಮೆಯಿಂದ ಯಾರೂ ಏನನ್ನೂ ಹೇಳಿಕೊಟ್ಟಿರಲಿಲ್ಲ. ಗಂಡ ಒಳ್ಳೆಯವನೇ, ಆದರೆ ಮಾತಿನವನಲ್ಲ. ಶಾಲೆಯ ಮೇಷ್ಟ್ರು ಬೆತ್ತದವರು. ಈ ಹುಡುಗಿ ಮಾತ್ರ ನಾನು “ತಿಳೀಲಿಲ್ಲ” ಎಂದಾಗಲೆಲ್ಲ ಹಲ್ಲು ಕಚ್ಚಿಕೊಂಡು ಮೊದಲಿಂದ ಹೇಳುತ್ತಿದ್ದಳು. ಅವಳ ಕೆಲಸಕ್ಕೆಂದೇ ಹೇಳಿದ್ದು, ನನಗಾಗಿ ಅಲ್ಲ ಎಂದು ಗೊತ್ತು. ಆದರೂ ಸಿಕ್ಕಿದ್ದು ನನಗೆ.

ಎಡವಟ್ಟಾದದ್ದು ಇಂಟರಪ್ಟಿನಲ್ಲಿ.

“ಸಿಪಿಯು ಒಂದ್ ಕೆಲ್ಸ ಮಾಡ್ತಾ ಇರ್ತದೆ ಅಜ್ಜಿ. ನಡುವೆ ಅರ್ಜೆಂಟಾಗಿ ಇನ್ನೊಂದು ಬಂದ್ಬಿಡ್ತದೆ. ಯಾರೋ ಕೀಬೋರ್ಡ್ ಒತ್ತಿದ್ರು ಅನ್ಕೊ. ಮಾಡ್ತಿದ್ದಿದ್ನ ಅಲ್ಲಿಗೇ ಬಿಟ್ಟು, ಅರ್ಜೆಂಟಿಂದು ಮುಗ್ಸಿ, ವಾಪಸ್ ಬಂದು, ಬಿಟ್ಟಲ್ಲಿಂದಾನೇ ಶುರು ಮಾಡ್ಬೇಕು.”

“ಕಣಕ್ಕೆ ಮಳೆ ಬಂದಂಗೆ,” ಎಂದೆ ನಾನು.

ನಮ್ಮ ಎಸ್ಟೇಟಿನಲ್ಲಿ ಕಾಫಿ ಕಣದಲ್ಲಿ ಹರಡಿದಾಗ ಮೋಡ ಕವಿದರೆ, ರೈಟರ್ ಮರಕ್ಕೆ ತೂಗುಹಾಕಿದ ಕಬ್ಬಿಣದ ತುಂಡನ್ನು ಬಡಿಯುತ್ತಿದ್ದ. ಅದು ಕೇಳಿದ ಕೂಡಲೇ ಹಣ್ಣು ಬಿಡಿಸುವವರೆಲ್ಲ ಕಣಕ್ಕೆ ಓಡಬೇಕು. ಕಾಫಿಯನ್ನು ರಾಶಿ ಮಾಡಿ ಒಳಗೆ ಹೊರಬೇಕು. ಓಡುವ ಮೊದಲು ಪ್ರತಿಯೊಬ್ಬಳೂ ತಾನು ಬಿಟ್ಟ ಗಿಡದ ಕೊಂಬೆಗೆ ತನ್ನ ಬಟ್ಟೆಚೂರು ಕಟ್ಟುತ್ತಿದ್ದಳು. ಒಬ್ಬೊಬ್ಬರದು ಒಂದೊಂದು ಬಣ್ಣ. ನನ್ನದು ಹಳೆಯ ಸೀರೆಯ ಕೆಂಪು ಅಂಚು. ಕಾಫಿ ಗಿಡಗಳೆಲ್ಲ ಒಂದೇ ಥರ, ವಾಪಸ್ ಬಂದರೆ ಎಲ್ಲಿ ಬಿಟ್ಟಿದ್ದೆವೆಂದು ತಿಳಿಯುವುದಿಲ್ಲ, ಜಗಳ ಆಗುತ್ತದೆ. ಅದಕ್ಕೆ ಬಟ್ಟೆ.

ಆದರೆ ಬುಟ್ಟಿಯನ್ನು ಮಾತ್ರ ಯಾರೂ ಬಿಟ್ಟು ಹೋಗುತ್ತಿರಲಿಲ್ಲ. ಕೂಲಿ ತೂಕದ ಮೇಲೆ. ಬುಟ್ಟಿ ಗಿಡದ ಬುಡದಲ್ಲಿ ಬಿಟ್ಟರೆ ಅದರ ಹಣ್ಣು ಇನ್ನೊಬ್ಬಳ ಚೀಲ ಸೇರುತ್ತದೆ. ತುಂಬಿದ ಬುಟ್ಟಿಯನ್ನು ಸೊಂಟದಲ್ಲಿ ಹೊತ್ತೇ ಓಡುತ್ತಿದ್ದೆವು.

ಹುಡುಗಿ ಕುಣಿದಾಡಿದಳು. ಬಟ್ಟೆಚೂರು ಅಂದರೆ ಎಲ್ಲಿಗೆ ಬಂದಿದ್ದೆವು ಎಂದು ಗುರುತಿಟ್ಟುಕೊಳ್ಳುವುದು, ಅದಕ್ಕೆ ಪುಸ್ತಕದಲ್ಲಿ ಏನೋ ಹೆಸರಿದೆಯಂತೆ. ಪರೀಕ್ಷೆಗೆ ಮುಂಚೆ ಕಾಲೇಜಿನಲ್ಲಿ ಒಂದು ಟೆಸ್ಟ್ ಇತ್ತು. ಅದರಲ್ಲಿ ಇದೇ ಪ್ರಶ್ನೆ ಬಂತು. ಇಂಟರಪ್ಟ್ ಬಂದಾಗ ಏನೇನಾಗುತ್ತದೆ? ನಮ್ಮವಳು ಪುಟ ತುಂಬಾ ಬರೆದಳು. ಬಟ್ಟೆಯನ್ನೂ ಬರೆದಳು, ಬುಟ್ಟಿಯನ್ನೂ ಬರೆದಳು. ಅಂದರೆ ಕಂಪ್ಯೂಟರಿನ ಮಾತಿನಲ್ಲಿ: ರಿಜಿಸ್ಟರಿನಲ್ಲಿ ಇರುವುದನ್ನು ಇದ್ದ ಹಾಗೇ ಹೊತ್ತುಕೊಂಡು ಹೊಸ ಕೆಲಸಕ್ಕೆ ಹೋಗುತ್ತದೆ, ಯಾಕೆಂದರೆ ಬಿಟ್ಟರೆ ಕಳೆದುಹೋಗುತ್ತದೆ.

ಪೂರಾ ತಪ್ಪು. ಬಟ್ಟೆಗೆ ಮಾರ್ಕ್ಸ್ ಬಂತು, ಬುಟ್ಟಿಗೆ ಹೋಯಿತು. ಮೇಡಂ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದರು: “ಕೈ ತುಂಬಿಕೊಂಡು ಹೋದರೆ ಅಲ್ಲಿ ಕೆಲಸ ಮಾಡುವುದು ಯಾವುದರಿಂದ?”

ಅವತ್ತು ಬಸ್ಸಿಳಿದವಳು ಕಾಫಿಯನ್ನೂ ಕುಡಿಯಲಿಲ್ಲ.

“ನಿನ್ ಬುಟ್ಟಿಯಿಂದ ನನ್ ಮಾರ್ಕ್ಸ್ ಹೋಯ್ತು!”

“ನನ್ ಬುಟ್ಟೀನ ಕಾಲೇಜಿಗೆ ಹೊತ್ಕೊಂಡ್ ಹೋಗು ಅಂತ ನಾನ್ ಹೇಳಿದ್ನಾ?”

“ಕಂಪ್ಯೂಟರ್ ಎಸ್ಟೇಟ್ ಅಲ್ಲ ಅಜ್ಜಿ.”

“ಅದು ನಂಗೊತ್ತು. ನೀನೇ ಮರ್ತಿದ್ದು.”

ಒಳಗಿಂದ ಸೊಸೆ ಕೂಗಿದಳು: “ಅತ್ತೆ, ಇಬ್ರೂ ಸುಮ್ಕಿರಿ. ತೋಳು ಉಲ್ಟಾ ಹೊಲ್ದುಬಿಟ್ಟೆ.”

ಟೆಸ್ಟಿನ ಮಾರ್ಕ್ಸ್ ಕಡಿಮೆಯಾದ್ದರಿಂದ ಪರೀಕ್ಷೆಯಲ್ಲಿ ಇನ್ನೂ ಹೆಚ್ಚು ತೆಗೆಯಬೇಕಾಯಿತು. ಮಗನಿಗೆ ವಿಷಯ ತಿಳಿಯಿತು. ರೆಸಾರ್ಟಿನವರು ಮತ್ತೆ ಫೋನ್ ಮಾಡಿದ್ದರೆಂದು ಹೇಳಿದ, ಅಷ್ಟೇ. ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ಹುಡುಗಿಗೆ ಅಳಲು ಒಂದು ನೆಪವಾದರೂ ಸಿಗುತ್ತಿತ್ತು.

ಸರಿಯಾದ ಉತ್ತರವನ್ನು ಅವಳು ಬರೆದುಕೊಂಡು ಬಂದಿದ್ದಳು. ಹೊಸ ಕೆಲಸಕ್ಕೆ ಹೋಗುವ ಮೊದಲು ರಿಜಿಸ್ಟರಿನಲ್ಲಿ ಇರುವುದನ್ನು ಮೆಮೊರಿಯಲ್ಲಿ ತೆಗೆದಿಡಬೇಕು. ವಾಪಸ್ ಬಂದಾಗ ಅಲ್ಲಿಂದ ಎತ್ತಿ ತುಂಬಿಕೊಳ್ಳಬೇಕು. ದಿನಾ ಗಟ್ಟಿಯಾಗಿ ಓದಿದಳು. ನಾನು “ಯಾಕೆ ತೆಗೆದಿಡ್ಬೇಕು?” ಎಂದರೆ ಮತ್ತೆ ಅದನ್ನೇ ಓದುತ್ತಿದ್ದಳು. ಮೇಡಂ ಹೇಳಿದ್ದೇ ಸರಿ. ಅಲ್ಲಿ ಅವಳಿಗೆ ಅರ್ಥವಾಗಿರಲಿಲ್ಲ. ನನಗೂ ಆಗಿರಲಿಲ್ಲ. ನಾವು ಜೀವಮಾನವೆಲ್ಲ ಬುಟ್ಟಿ ಹೊತ್ತುಕೊಂಡೇ ಓಡಿದ್ದು, ಕಣದ ಕಾಫಿಯನ್ನು ಒಂದು ದಿನವೂ ನೆನೆಯಲು ಬಿಟ್ಟವರಲ್ಲ. ಹೊತ್ತುಕೊಂಡು ಹೋದರೆ ಏನು ತಪ್ಪು ಎಂದೇ ನನ್ನ ವಾದ. ಅವಳ ತಲೆ ನನ್ನಿಂದ ಇನ್ನೂ ಕೆಡುತ್ತಿದೆ ಎಂದು ಸೊಸೆ ಹೇಳಿದಳು. ಇರಬಹುದು.

ಪರೀಕ್ಷೆ ಹತ್ತಿರ ಬರುವಾಗ ಕಾಫಿ ಹೂ ಅರಳಿಸುವ ಮಳೆಯ ಕಾಲವೂ ಬಂತು. ಈ ಮಳೆ ಗಿಡಕ್ಕೆ ಬೇಕು, ಅಂಗಳದಲ್ಲಿ ಒಣಗಲು ಹಾಕಿದ ಕರಿಮೆಣಸಿಗೆ ಬೇಡ. ಎರಡೂ ಒಂದೇ ಹೊತ್ತಿಗೆ ಬರುವುದು ನಮ್ಮ ಕಡೆಯ ಪಾಡು. ಒಂದು ಮಧ್ಯಾಹ್ನ ಮೆಣಸು ಅಂಗಳದ ಟಾರ್ಪಾಲಿನ ಮೇಲಿತ್ತು. ಹುಡುಗಿ ಜಗಲಿಯಲ್ಲಿ ಕೂತು ಅದೇ ಇಂಟರಪ್ಟ್ ಓದುತ್ತಿದ್ದಳು. ನಾನು ಮನೆಯ ಹಿಂದೆ, ಗಿಡದ ಬುಡದಲ್ಲಿ ಉದುರಿದ ಕಾಫಿ ಹಣ್ಣನ್ನು ಹೆಕ್ಕುತ್ತಿದ್ದೆ, ನನ್ನ ಹಳೆಯ ಬಿದಿರಿನ ಬುಟ್ಟಿಗೆ. ಈ ಮಂಡಿಯಲ್ಲಿ ಯಾಕೆ ಹೆಕ್ಕುತ್ತೀಯ ಎಂದು ಮಗ ಬೈಯುತ್ತಾನೆ. ಹಣ್ಣು ನೆಲದಲ್ಲಿ ಕೊಳೆಯುವುದನ್ನು ನೋಡಿಕೊಂಡು ಕೂರುವುದು ನನಗೆ ಬರುವುದಿಲ್ಲ.

ಬುಟ್ಟಿ ತುಂಬುತ್ತಾ ಬಂದಿತ್ತು. ಗುಡುಗಿದ್ದೂ ಕೇಳಲಿಲ್ಲ, ಒಮ್ಮೆಲೇ ದಪ್ಪ ಹನಿ.

“ಅತ್ತೇ, ಮೆಣಸೂ!” ಸೊಸೆ ಮಿಷನ್ ಬಿಟ್ಟು ಓಡಿಬಂದಳು.

ನಾನು ಎದ್ದೆ. ಮಂಡಿಗೆ ಅವತ್ತು ನೋವು ನೆನಪಾಗಲಿಲ್ಲ. ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡು ಅಂಗಳಕ್ಕೆ ಓಡಿದೆ. ಯೋಚಿಸಿ ಮಾಡಿದ್ದಲ್ಲ. ನನ್ನ ಮನೆ, ನನ್ನ ಗಿಡ, ಕದಿಯಲು ಒಂದು ನರಪಿಳ್ಳೆಯೂ ಇಲ್ಲ. ಆದರೂ ಸೊಂಟ ಬುಟ್ಟಿಯನ್ನು ಬಿಡಲಿಲ್ಲ. ಅಂಗಳದಲ್ಲಿ ಸೊಸೆ ಟಾರ್ಪಾಲಿನ ಎರಡು ಮೂಲೆ ಹಿಡಿದು, ನಾನು ಉಳಿದ ಎರಡು ಮೂಲೆ ಹಿಡಿಯಲೆಂದು ಕಾದು ನಿಂತಿದ್ದಾಳೆ. ನಾನು ಒಂದು ಕೈಯಲ್ಲಿ ಒಂದು ಮೂಲೆ ಹಿಡಿದೆ. ಇನ್ನೊಂದು ಕೈ ಬುಟ್ಟಿಯ ಮೇಲೆ. ಎತ್ತಿದರೆ ನನ್ನ ಕಡೆಯಿಂದ ಮೆಣಸೆಲ್ಲ ಕೆಸರಿಗೆ ಜಾರಿತು.

“ಅಜ್ಜೀ, ಬುಟ್ಟಿ ಇಡೂ! ಬುಟ್ಟಿ ಇಟ್ಟು ಹಿಡೀ!” ಎಂದು ಜಗಲಿಯಿಂದ ಹುಡುಗಿ ಕಿರುಚಿದಳು.

ಕಿರುಚಿದವಳು ಅಲ್ಲೇ ನಿಂತುಬಿಟ್ಟಳು. ಬಂದು ಒಂದು ಮೂಲೆ ಹಿಡಿಯುವುದು ಬಿಟ್ಟು ಗೊಂಬೆಯ ಹಾಗೆ ನಿಂತಿದ್ದಾಳೆ.

“ನೀನ್ಯಾಕೆ ಕಂಬದ್ ಥರ ನಿಂತಿದೀಯ, ಬಾರೇ ಇಲ್ಲಿ!” ಎಂದು ಸೊಸೆ ಕೂಗಿದ ಮೇಲೆಯೇ ಇಳಿದು ಬಂದದ್ದು. ಅಷ್ಟರಲ್ಲಿ ಅರ್ಧ ಮೆಣಸು ಹೋಗಿತ್ತು.

ಮಳೆ ನಿಂತಿತು. ಮೂವರೂ ಜಗಲಿಯಲ್ಲಿ ತಲೆ ಒರೆಸಿಕೊಳ್ಳುತ್ತಾ ಕೂತೆವು. ಬುಟ್ಟಿ ಇನ್ನೂ ನನ್ನ ತೊಡೆಯ ಮೇಲೇ ಇತ್ತು. ಹುಡುಗಿ ಅದನ್ನೇ ನೋಡುತ್ತಾ ಕೇಳಿದಳು:

“ಅಜ್ಜಿ, ಎಸ್ಟೇಟಲ್ಲಿ ಕಣಕ್ಕೆ ಓಡ್ತಿದ್ರಲ್ಲ, ಅಲ್ಲಿ ಕಾಫಿ ಹೊರಾಕೆ ಬೇರೆ ಬುಟ್ಟಿ ಇತ್ತಾ?”

“ಇತ್ತಲ್ಲ. ಕಣದ ಮೂಲೇಲಿ ರಾಶಿ ಹಾಕಿರೋವು. ನಮ್ ಬುಟ್ಟಿ ಕಟ್ಟೆ ಮೇಲೆ ಕಣ್ಣೆದ್ರಿಗೆ ಇಟ್ಕೊಂಡು, ಆ ಬುಟ್ಟೀಲಿ ಹೊರೋದು.”

“ನೀನು ಹೇಳ್ಲೇ ಇಲ್ಲ!”

“ನೀನು ಕೇಳ್ಲೇ ಇಲ್ಲ.”

ಅವಳು ನನ್ನ ಬುಟ್ಟಿಯನ್ನು ಎತ್ತಿಕೊಂಡು, ಹಣ್ಣನ್ನೆಲ್ಲ ಜಗಲಿಯ ಮೂಲೆಗೆ ಸುರಿದಳು. ಖಾಲಿ ಬುಟ್ಟಿಯನ್ನು ನನ್ನ ಮುಂದೆ ಹಿಡಿದಳು.

“ಸಿಪಿಯುಗೆ ಬೇರೆ ಬುಟ್ಟಿ ಇಲ್ಲ ಅಜ್ಜಿ. ಅರ್ಜೆಂಟ್ ಕೆಲ್ಸಕ್ಕೂ ಇದೇ ಬುಟ್ಟಿ ಬೇಕು. ಅದ್ಕೇ ಹಣ್ಣನ್ನ ಜೋಪಾನವಾಗಿ ಒಂದ್ಕಡೆ ಸುರ್ದಿಟ್ಟು, ಖಾಲಿ ಬುಟ್ಟಿ ತಗೊಂಡ್ ಓಡ್ಬೇಕು. ವಾಪಸ್ ಬಂದು ಅದೇ ಹಣ್ಣು, ಅದೇ ಬುಟ್ಟಿಗೆ.”

“ಸುರ್ದಿಟ್ಟಿದ್ನ ಯಾರಾದ್ರೂ ಕದ್ರೆ?”

“ಕದಿಯಂಗಿಲ್ಲ. ಒಬ್ರದ್ದನ್ನ ಇನ್ನೊಬ್ರು ಮುಟ್ಟದಂಗೆ ಕಾಯೋದು ಆಪರೇಟಿಂಗ್ ಸಿಸ್ಟಮ್ ಕೆಲ್ಸ.”

“ಅಂಥ ರೈಟರ್ ನಮಗೆ ಸಿಕ್ಕಿರ್ಲಿಲ್ಲ,” ಎಂದೆ.

ಅವಳು ನಗಲಿಲ್ಲ. ಸುರಿದ ಹಣ್ಣನ್ನು ಒಂದೊಂದಾಗಿ ಬುಟ್ಟಿಗೆ ತುಂಬಿ ಕೊಟ್ಟಳು. ಅಲ್ಲಿಂದ ಮುಂದೆ ಆ ಪುಟವನ್ನು ಅವಳು ಗಟ್ಟಿಯಾಗಿ ಓದಿದ್ದು ನಾನು ಕೇಳಲಿಲ್ಲ. ಓದುವ ಅಗತ್ಯವಿರಲಿಲ್ಲ. ಆ ಮೆಣಸು ಹೋದದ್ದಕ್ಕೆ ನಾನು ಇವತ್ತಿಗೂ ಬೇಜಾರು ಮಾಡಿಕೊಂಡಿಲ್ಲ. ಸೊಸೆ ಮಾಡಿಕೊಂಡಿದ್ದಾಳೆ, ಅದು ಅವಳಿಗೆ ಬಿಟ್ಟದ್ದು. ಏಣಿ ಹತ್ತಿ ಮೆಣಸು ಕೊಯ್ದದ್ದು ಅವಳು, ಗೊಂಚಲು ತುಳಿದು ಕಾಳು ಬಿಡಿಸಿದ್ದು ಅವಳು. ಮಗಳ ಓದಿಗೆಂದು ಹೊಲಿಗೆ ಮಿಷನ್ ತುಳಿದವಳೂ ಅವಳೇ. ಅವಳ ಮುಂದೆ ನಾನು ಇದನ್ನು ಹೇಳಿಲ್ಲ, ಇಲ್ಲಿ ಬರೆದಿದ್ದೇನೆ.

ಪರೀಕ್ಷೆಯ ಬೆಳಿಗ್ಗೆ ಅಕ್ಕಿ ರೊಟ್ಟಿ ಹಾಕಿಕೊಟ್ಟೆ. ದೇವರಿಗೆ ಕೈ ಮುಗಿ, ಅದು ಮಾಡು ಇದು ಮಾಡು ಎಂದು ಹೇಳುವವಳು ನಾನಲ್ಲ. “ಬಸ್ ತಪ್ಪಿಸ್ಬೇಡ,” ಎಂದೆ. ಬರೆಯುವುದಲ್ಲದೆ ವೈವಾ ಅಂತ ಇನ್ನೊಂದು ಇತ್ತು, ಎದುರಿಗೆ ಕೂರಿಸಿ ಬಾಯಲ್ಲಿ ಕೇಳುವುದು. ಅಲ್ಲಿ ಹೊರಗಿನಿಂದ ಬಂದ ಒಬ್ಬರು ಮತ್ತು ಅದೇ ಮೇಡಂ. ಹೊರಗಿನವರು ಬೇರೆ ಏನೇನೋ ಕೇಳಿದರಂತೆ. ಕೊನೆಗೆ ಮೇಡಂ ಕೇಳಿದರಂತೆ: “ಇಂಟರಪ್ಟ್ ಬಂದಾಗ ರಿಜಿಸ್ಟರನ್ನು ಯಾಕೆ ತೆಗೆದಿಡ್ಬೇಕು?”

ಹುಡುಗಿ ಉತ್ತರ ಹೇಳಿದಳು. ಆಮೇಲೆ, ಟೆಸ್ಟಿನಲ್ಲಿ ತಪ್ಪು ಬರೆದದ್ದು ಯಾಕೆ ಎಂಬುದನ್ನೂ ಹೇಳಿದಳು. ಕಣದ ಮೂಲೆಯಲ್ಲಿ ಬೇರೆ ಬುಟ್ಟಿಗಳ ರಾಶಿ ಇದ್ದದ್ದು, ಅಜ್ಜಿ ಅದನ್ನು ಹೇಳದೇ ಇದ್ದದ್ದು. ಮೇಡಂ ನಕ್ಕರಂತೆ. ನಕ್ಕು, ಇವಳಿಗೆ ಗೊತ್ತಿಲ್ಲದ್ದೊಂದನ್ನು ಹೇಳಿದರಂತೆ:

“ನಿನ್ನ ಅಜ್ಜಿ ಹೇಳಿದ ಹಾಗಿನ ಮಿಷನ್‌ಗಳೂ ಉಂಟು. ಇಂಟರಪ್ಟಿಗೆ ಅಂತಲೇ ಬೇರೆ ರಿಜಿಸ್ಟರ್ ಇಟ್ಟದ್ದು. ತೆಗೆದಿಡುವ ತಾಪತ್ರಯ ಇಲ್ಲ, ಬೇಗ ಕೆಲಸ ಆಗ್ತದೆ. ನಿನ್ನ ಪುಸ್ತಕದ ಮಿಷನಿಗೆ ಅಷ್ಟು ಬುಟ್ಟಿ ಇಲ್ಲ, ಅಷ್ಟೆ. ಅಜ್ಜಿಗೆ ಹೇಳು.”

ಅವಳು ಮನೆಗೆ ಬಂದು ಅದನ್ನು ಮೊದಲು ಹೇಳಿದಳು, ಪರೀಕ್ಷೆ ಹೇಗಾಯಿತೆಂದು ಆಮೇಲೆ. ಕೇಳಿ ನನಗೆ ಖುಷಿಯಾಯಿತು. ಸುಳ್ಳು ಹೇಳುವುದಿಲ್ಲ, ತುಂಬಾ ಖುಷಿಯಾಯಿತು. ಓದಿದ ಹೆಂಗಸೊಬ್ಬಳು, ನನ್ನ ಮುಖ ನೋಡದವಳು, ನಮ್ಮ ಕಣದ ಪದ್ಧತಿಯನ್ನು ತಪ್ಪೆಂದು ಎತ್ತಿ ಎಸೆಯದೆ, ಅದು ಎಲ್ಲಿ ಸರಿ ಎಲ್ಲಿ ಸರಿಯಲ್ಲ ಎಂದು ಬಿಡಿಸಿ ಹೇಳಿ ಕಳಿಸಿದ್ದಳು.

ರಿಸಲ್ಟ್ ಫೋನಿನಲ್ಲಿ ಬರುತ್ತದೆ. ನಮ್ಮ ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ನೀರಿನ ಟ್ಯಾಂಕಿನ ಹತ್ತಿರ ಮಾತ್ರ. ಅವತ್ತು ಬೆಳಿಗ್ಗೆಯಿಂದ ಅವಳು ಅಲ್ಲಿಗೆ ಹೋಗುವುದು, ಬರುವುದು. ಮಗ ಜೀಪ್ ತೆಗೆಯದೆ, ಟೈರಿಗೆ ಏನೋ ಆಗಿದೆ ಎಂದು ಸುಮ್ಮನೆ ಅದರ ಸುತ್ತ ತಿರುಗುತ್ತಿದ್ದ. ಟೈರಿಗೆ ಏನೂ ಆಗಿರಲಿಲ್ಲ. ನಾನು ಮನೆಯ ಹಿಂದೆ ಬುಟ್ಟಿ ಹಿಡಿದು ಹಲಸಿನ ಎಲೆ ಆರಿಸುತ್ತಿದ್ದೆ, ಕಡುಬಿಗೆ.

“ಅಜ್ಜೀ!”

ಅವಳು ಮೊದಲು ಕರೆದದ್ದು ಅಪ್ಪನನ್ನಲ್ಲ, ಅಮ್ಮನನ್ನಲ್ಲ. ನಾನು ಬುಟ್ಟಿಯನ್ನು ಅಲ್ಲೇ ನೆಲದ ಮೇಲೆ ಇಟ್ಟು ಹೋದೆ.

ಪಾಸಾಗಿದ್ದಳು. ಭಾರಿ ಮಾರ್ಕ್ಸ್ ಏನಲ್ಲ. ಕೇಳಿದವರಿಗೆ ಸೊಸೆ ಈಗ ಒಳ್ಳೇ ಮಾರ್ಕ್ಸ್ ಎಂದು ಹೇಳುತ್ತಾಳೆ, ನಾನು ಪಾಸು ಎಂದು ಹೇಳುತ್ತೇನೆ. ಮಗ ಟೈರನ್ನು ಒಂದು ಸಲ ಒದ್ದು, “ರೆಸಾರ್ಟ್‌ನೋರಿಗೆ ಬೇರೆ ಹುಡುಗೀನ ನೋಡ್ಕೊಳಿ ಅಂತೀನಿ,” ಎಂದು ಜೀಪ್ ಹತ್ತಿ ಹೋದ. ನಾನು ಹಿಂದಕ್ಕೆ ಹೋದರೆ, ಪಕ್ಕದ ಮನೆಯ ಹಸು ಬುಟ್ಟಿಯಲ್ಲಿದ್ದ ಹಲಸಿನ ಎಲೆಯನ್ನೆಲ್ಲ ತಿಂದು ಮುಗಿಸಿತ್ತು. ಅವತ್ತು ಕಡುಬು ಆಗಲಿಲ್ಲ.

ಮಳೆಯಲ್ಲಿ ಉಳಿದ ಮೆಣಸಿನಲ್ಲಿ ಒಳ್ಳೆಯದನ್ನು ಆರಿಸಿ, ಒಂದು ಡಬ್ಬಿಗೆ ತುಂಬಿ ಮೇಡಂಗೆ ಕಳಿಸಿದೆ. ಮಾರ್ಕ್ಸ್ ಬಂದಾದ ಮೇಲೆ ಕಳಿಸಿದ್ದು, ಮೊದಲಲ್ಲ. ಅವರು ತಗೊಳ್ಳಲು ಹಿಂದೆಮುಂದೆ ನೋಡಿದರಂತೆ. “ತಗೊಳ್ದಿದ್ರೆ ಅಜ್ಜಿ ನನ್ನ ಮನೆಗೆ ಸೇರ್ಸಲ್ಲ ಮೇಡಂ,” ಎಂದು ನಮ್ಮವಳು ಸುಳ್ಳು ಹೇಳಿ ಕೊಟ್ಟು ಬಂದಳು. ಕೆಲವು ದಿನದ ಮೇಲೆ ಡಬ್ಬಿ ವಾಪಸ್ ಬಂತು, ಖಾಲಿ ಅಲ್ಲ. ಅವರ ಊರಿನ ಗೋಡಂಬಿ ತುಂಬಿಸಿ ಕಳಿಸಿದ್ದರು. ಡಬ್ಬಿಯನ್ನು ಖಾಲಿ ಕೊಡಬಾರದು ಎಂದು ಅವರ ಮನೆಯಲ್ಲೂ ಹೇಳಿಕೊಟ್ಟಿದ್ದಾರೆ.

ಈಗ ಹುಡುಗಿ ಎರಡನೇ ವರ್ಷ. ಸಂಜೆ ಬಸ್ಸಿಳಿದು ಬಂದು, ಹೊಸ ಪುಸ್ತಕ ಹಿಡಿದು ಜಗಲಿಗೆ ಕರೆಯುತ್ತಾಳೆ. ಮೊನ್ನೆ, “ನಂಗೆ ಈಗ ಸ್ವಲ್ಪ ಗೊತ್ತು ಕಣೇ, ಇನ್ನು ಬೇರೆ ಯಾರನ್ನಾದ್ರೂ ಹುಡ್ಕೊ,” ಎಂದೆ. “ಇದು ಬೇರೆ ಪೇಪರ್, ಇದ್ರಲ್ಲಿ ನಿಂಗೆ ಖಂಡಿತ ಏನೂ ಗೊತ್ತಿಲ್ಲ,” ಎಂದಳು. ಹೌದು, ಗೊತ್ತಿರಲಿಲ್ಲ. ಗೋಡಂಬಿ ಡಬ್ಬಿ ತೆಗೆದುಕೊಂಡು ಹೋಗಿ ಕೂತೆ.